ಗ್ಲೌಸ್ ಹಾಕಿದ ಮೇಲೆ

ನಮ್ಮ ಮನೆಯವಳಿಗೆ ನರ್ಸ್ ಆಗುವ ಹುಚ್ಚು ಹಿಡಿದದ್ದು ಏಳನೇ ವಯಸ್ಸಿಗೆ. ಪೊರಕೆ ಕಡ್ಡಿ ಹಿಡಿದು ಮನೆಮಂದಿಗೆಲ್ಲ ಇಂಜೆಕ್ಷನ್ ಚುಚ್ಚುತ್ತಿದ್ದಳಂತೆ. ಅವಳ ಅಪ್ಪನೂ ದಿನಕ್ಕೆರಡು ಸಲ ತೋಳು ಚಾಚಿ ಕೂರುತ್ತಿದ್ದರಂತೆ. ಅದೇ ಅಪ್ಪ, ಪಿಯುಸಿ ಮುಗಿದದ್ದೇ ತಡ, ಅವಳನ್ನು ಒಬ್ಬ ದರ್ಜಿಗೆ ಕೊಟ್ಟು ಕೈತೊಳೆದುಕೊಂಡರು. ಆ ದರ್ಜಿ ನಾನೇ. ಸೂಜಿ ಹಿಡಿಯಬೇಕೆಂದಿದ್ದವಳಿಗೆ ಸೂಜಿ ಹಿಡಿದವನೇ ಸಿಕ್ಕಿದನಲ್ಲ ಎಂದು ನಾನು ಚೇಷ್ಟೆ ಮಾಡಿದರೆ ಮುಖ ತಿರುಗಿಸಿ ಪೊರಕೆ ಎತ್ತಿಕೊಳ್ಳುತ್ತಿದ್ದಳು.

ಆದರೆ ಅವಳೇನು ಅಷ್ಟಕ್ಕೇ ಬಿಡುವವಳೇ? ನರ್ಸಾಗದಿದ್ದರೆ ಹೋಗಲಿ, ನರ್ಸುಗಳಿರುವ ಕಡೆಯಾದರೂ ಇರುತ್ತೇನೆ ಎಂದು ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದಳು. ಹದಿನೆಂಟು ವರ್ಷ ವಾರ್ಡಿನ ನೆಲ ಒರೆಸಿದಳು, ಬೆಡ್‌ಪ್ಯಾನ್ ತೊಳೆದಳು, ಯಾರು ಕೂಗಿದರೂ ಓಡಿದಳು. ನಮ್ಮ ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ ವಾರವೇ, ನಲವತ್ತೊಂದು ತುಂಬಿದ ಈ ಮಹಾತಾಯಿ ಊಟದ ನಡುವೆ ಬಾಯಿಬಿಟ್ಟಳು.

"ರೀ, ನಾನು ನರ್ಸಿಂಗ್ ಸೇರ್ತಿದೀನಿ. ಮೂರು ವರ್ಷ. ಆಸ್ಪತ್ರೇಲಿ ರಜಾ ಕೇಳಿ ಆಯ್ತು."

"ನನ್ನನ್ನ ಕೇಳೋದು ಬೇಡ್ವಾ?"

"ನಿಮ್ಮನ್ನ ಕೇಳ್ತಾ ಇಲ್ಲ. ಹೇಳ್ತಾ ಇದೀನಿ."

ಮಗಳು ಎಂಜಲು ಕೈಯಲ್ಲೇ ಚಪ್ಪಾಳೆ ತಟ್ಟಿದಳು. ನಾನು ನೀರು ಕುಡಿದೆ.

ಆ ಮೂರು ವರ್ಷ ನನ್ನ ಮೈ ನನ್ನದಾಗಿರಲಿಲ್ಲ. ಬೆಳಗ್ಗೆ ನಾಡಿ, ಸಂಜೆ ಬಿ.ಪಿ. ರೋಗಿಯನ್ನು ಎಬ್ಬಿಸದೆ ಹಾಸಿಗೆಯ ಚಾದರ ಬದಲಿಸುವುದನ್ನು ಕಲಿಯಲು ಹೋಗಿ, ನನ್ನ ಭಾನುವಾರದ ನಿದ್ದೆಗೆ ಕಲ್ಲು ಹಾಕಿದಳು. ಒಂದು ದಿನ ನನ್ನ ತಲೆಗೆ ಬ್ಯಾಂಡೇಜ್ ಸುತ್ತಿ, ಬಿಚ್ಚುವುದನ್ನು ಮರೆತು ಕ್ಲಾಸಿಗೆ ಓಡಿದಳು. ನಾನೂ ಮರೆತು ಅಂಗಡಿ ತೆರೆದೆ. ಅಳತೆ ಕೊಡಲು ಬಂದ ಗಿರಾಕಿ, "ಅಯ್ಯೋ, ಏನಾಯ್ತು ಮಾಸ್ಟ್ರೇ?" ಎಂದು ಗಾಬರಿಬಿದ್ದ. "ಹೆಂಡತಿ ಓದ್ತಿದಾಳೆ" ಎಂದೆ. ಪಾಪ, ಆತ ಅವಸರವಸರವಾಗಿ ಅಳತೆ ಕೊಟ್ಟು ಹೊರಟ.

ಬರೆಯುವ ಪರೀಕ್ಷೆಗಳೆಲ್ಲ ಪಾಸು. ಮುಗ್ಗರಿಸಿದ್ದು ಕೊನೆಯ ಪ್ರಾಕ್ಟಿಕಲ್‌ನಲ್ಲಿ, ಅದೂ ಅವಳೇ ನೆಲ ಒರೆಸುತ್ತಿದ್ದ ವಾರ್ಡಿನಲ್ಲಿ. ಒಬ್ಬ ರೋಗಿಯ ಹೊಟ್ಟೆಯ ಗಾಯಕ್ಕೆ ಡ್ರೆಸ್ಸಿಂಗ್ ಮಾಡಬೇಕು, ಪರೀಕ್ಷಕಿ ಪಕ್ಕದಲ್ಲೇ ನಿಂತು ನೋಡುತ್ತಾರೆ. ಸ್ಟೆರೈಲ್ ಗ್ಲೌಸ್ ಹಾಕಿದ ಮೇಲೆ ಹೊರಗಿನ ಯಾವುದನ್ನೂ ಮುಟ್ಟುವಂತಿಲ್ಲ. ಇವಳು ಗ್ಲೌಸ್ ಹಾಕಿ ಇಕ್ಕಳ ಎತ್ತುವಷ್ಟರಲ್ಲಿ ಆಚೆ ಹಾಸಿಗೆಯ ಮುದುಕರಿಗೆ ವಾಂತಿ ಶುರುವಾಯಿತು. ನಮ್ಮವಳು ಇಕ್ಕಳ ಬಿಸಾಕಿ ಓಡಿದಳು. ಬೇಸಿನ್ ಹಿಡಿದಳು, ಬಾಯಿ ಒರೆಸಿದಳು, ಸಾಲದ್ದಕ್ಕೆ ನೆಲವನ್ನೂ ಒರೆಸಿ, ಅದೇ ಗ್ಲೌಸಿನಲ್ಲಿ ಗಾಯಕ್ಕೆ ಕೈಯಿಡಲು ಬಂದಳು.

"ಮೂರು ವರ್ಷ ಓದಿದ್ರೂ ಆಯಾ ಬುದ್ಧಿ ಹೋಗಿಲ್ವಲ್ಲಮ್ಮ!" ಎಂದು ಪರೀಕ್ಷಕಿ ಅಲ್ಲೇ ತಡೆದು ಫೇಲು ಮಾಡಿದರು.

ಆರು ತಿಂಗಳ ನಂತರ ಇನ್ನೊಂದು ಅವಕಾಶ, ಅದೇ ಕೊನೆಯದು. ಅದೂ ಹೋದರೆ ನಿವೃತ್ತಿಯವರೆಗೆ ಪೊರಕೆಯೇ ಗತಿ. ಸರಿ, ಮನೆಯಲ್ಲಿ ತಾಲೀಮು ಶುರುವಾಯಿತು. ನಾನು ಮಂಚದಲ್ಲಿ ಮಲಗಿ ಓಕರಿಕೆಯ ನಾಟಕ ಆಡಬೇಕು, ಅವಳು ಕದಲದೆ ದಿಂಬಿಗೆ ಡ್ರೆಸ್ಸಿಂಗ್ ಮಾಡಬೇಕು. ನನ್ನ ನಟನೆ ಅಷ್ಟು ಚೆನ್ನಾಗಿತ್ತೋ ಏನೋ, ದಿನಾ ಅವಳೇ ಸೋಲುತ್ತಿದ್ದಳು.

"ನಾಟಕ ಅಂತ ಗೊತ್ತಿದ್ರೂ ಕಾಲು ನಿಲ್ಲಲ್ಲ ರೀ, ಏನ್ ಮಾಡ್ಲಿ?" ಎಂದು ದಿಂಬಿಗೆ ಹಣೆ ಒತ್ತಿಕೊಂಡಳು. ಆ ದಿನ ನಾನು ತಮಾಷೆ ಮಾಡಲಿಲ್ಲ.

ಎರಡನೇ ಪರೀಕ್ಷೆಯ ದಿನ ಮಧ್ಯಾಹ್ನ ನೇರ ಅಂಗಡಿಗೆ ಬಂದು ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕುಸಿದಳು.

"ಮುಗೀತು ರೀ. ಎಲ್ಲಾ ಮುಗೀತು. ಹೋದ ಸಲದವರೇ ಪರೀಕ್ಷಕಿ. ಗ್ಲೌಸ್ ಹಾಕಿದ ಮೇಲೆ ಪಕ್ಕದ ಬೆಡ್ಡಿನ ಹೆಂಗಸಿಗೆ ವಾಂತಿ."

"ಓಡಿದ್ಯಾ?"

"ಓಡಲಿಲ್ಲ. ಆದ್ರೆ ಆಕೆ ಒದ್ದಾಡ್ತಿದ್ಲು, ಹತ್ರ ಬೇರೆ ಯಾರೂ ಇಲ್ಲ. 'ಮೇಡಂ, ನನ್ನ ಕೈ ಸ್ಟೆರೈಲು. ನೀವು ಆ ಬೇಸಿನ್ ಹಿಡ್ಕೊಳ್ಳಿ, ಬೇಗ' ಅಂದ್ಬಿಟ್ಟೆ."

ನಾನು ಬಿದ್ದು ಬಿದ್ದು ನಕ್ಕೆ. "ಪರೀಕ್ಷಕೀನ? ಹಿಡ್ಕೊಂಡ್ರಾ?"

"ನಗಬೇಡ್ರೀ! ಹಿಡ್ಕೊಂಡ್ರು. ಅವರ ಬಟ್ಟೆ ಮೇಲೆಲ್ಲ ಬಿತ್ತು. 'ತಲೆ ಪಕ್ಕಕ್ಕೆ ತಿರುಗಿಸಿ' ಅಂತ ಬೇರೆ ಹೇಳ್ದೆ. ನನಗೆ ಯಾವ ದೆವ್ವ ಮೆಟ್ಟಿತ್ತೋ!"

"ಬೈದ್ರಾ?"

"ಬೈದಿದ್ರೆ ಚೆನ್ನಾಗಿರ್ತಿತ್ತು. ಮುಖ ಗಂಟು ಹಾಕ್ಕೊಂಡು, ಆ ಹೆಂಗಸಿನ ಬಾಯಿ ಒರೆಸ್ತಾ, 'ಸರಿ ಸಿಸ್ಟರ್, ಮುಂದುವರಿಸಿ' ಅಂದ್ರು, ಅಷ್ಟೆ. ಡ್ರೆಸ್ಸಿಂಗ್ ಮುಗಿಸಿದೆ. ಫೇಲೇ ಬರೆದಿರ್ತಾರೆ, ನೋಡ್ತಿರಿ."

ಆರು ವಾರದ ಮೇಲೆ ಪಾಸೆಂದು ಕಾಗದ ಬಂತು, ನರ್ಸುಗಳ ನೋಂದಣಿಯಲ್ಲಿ ಅವಳ ಹೆಸರೂ ಏರಿತು. ಆದರೆ ಅದೆಲ್ಲ ಆಗ ನಮಗೇನು ಗೊತ್ತು? ಅವಳು ಮೂಗೊರೆಸಿಕೊಂಡು ಅಳುತ್ತಲೇ ಇದ್ದಳು. ನನ್ನ ನಗು ಮಾತ್ರ ನಿಂತುಹೋಗಿತ್ತು.

"ಅವರು ಏನಂದ್ರು, ಇನ್ನೊಂದ್ಸಲ ಹೇಳೇ."

"ಮುಂದುವರಿಸಿ ಅಂದ್ರು."

"ಅದಕ್ಕೆ ಮೊದಲು?"

"ಸರಿ ಅಂದ್ರು."

"ಅಯ್ಯೋ ಪೆದ್ದೀ, ಅವೆರಡರ ಮಧ್ಯೆ ಕಣೇ!"

ಅಳುವುದನ್ನೂ ಮರೆತು ನನ್ನನ್ನೇ ನೋಡಿದಳು.

"ಸಿಸ್ಟರ್..." ಎಂದಳು. "ರೀ, ನನಗೇ ಅಂದ್ರು."

ಗಿರಾಕಿ ಬಂದರೆ ಬರಲಿ ಎಂದು, ಅಂಗಡಿ ಬಾಗಿಲು ತೆರೆದಿರುವಂತೆಯೇ ಇಬ್ಬರೂ ಕೂತು ಅತ್ತೆವು.