ನಾನು ಮೊದಲು ಕುಡಿದ ಪಾತ್ರೆ

ಕೀರ್ತನೆಯ ಎರಡನೆಯ ಚರಣದಲ್ಲಿ ಕೆಮ್ಮು ಬಂತು. ಕರವಸ್ತ್ರ ಬಾಯಿಗೆ ಒತ್ತಿಕೊಂಡೆ. ತೆಗೆದು ನೋಡಿದರೆ ರಕ್ತ.

ಮಡಚಿ ಜೇಬಿಗಿಟ್ಟು ಮೂರನೆಯ ಚರಣವನ್ನು ಇನ್ನೂ ಜೋರಾಗಿ ಹಾಡಿದೆ. ನಾನು ಅಂಥ ಆಸಾಮಿ. ಭದ್ರಾವತಿಯ ನಮ್ಮ ಕ್ರೈಸ್ತ ಸಭೆಗೆ ಹಿರಿಯ. ಕಾರ್ಖಾನೆಯ ಫೌಂಡ್ರಿಯಲ್ಲಿ ಕೆಲಸ, ನ್ಯೂ ಟೌನಿನಲ್ಲಿ ಕ್ವಾರ್ಟರ್ಸು. ಬೀಡಿ ಇಲ್ಲ, ಹೆಂಡ ಇಲ್ಲ, ಸಿನಿಮಾ ಇಲ್ಲ. ನಾನು ಬಂದರೆ ನಮ್ಮ ಶಿಫ್ಟಿನವರು ಬೈಗುಳವನ್ನು ಅರ್ಧಕ್ಕೇ ನುಂಗಿಕೊಳ್ಳುತ್ತಿದ್ದರು. ಅದರಿಂದ ನನಗಾಗುತ್ತಿದ್ದ ಖುಷಿ ಅಷ್ಟಿಷ್ಟಲ್ಲ. ಪರಿಶುದ್ಧ ಜೀವನವೆಂದರೆ ಇದೇ ಎಂದು ನಂಬಿದ್ದೆ. ಈಗ ಇದನ್ನೆಲ್ಲ ಬರೆಯಲು ಕುಳಿತರೆ ನಗು ಬರುತ್ತದೆ, ಕೂತಲ್ಲಿ ಕೂರಲೂ ಆಗುತ್ತಿಲ್ಲ. ಮೊನ್ನೆ ಭಾನುವಾರ ನಡೆದದ್ದು ಹಾಗಿದೆ. ಆದರೆ ಮೊದಲಿನಿಂದಲೇ ಹೇಳಬೇಕು.

ಹೆಂಡತಿ ಸುಗುಣ ಕರವಸ್ತ್ರ ಒಗೆಯುವಾಗ ನೋಡಿಬಿಟ್ಟಳು. ಬಲವಂತ ಮಾಡಿ ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಎಕ್ಸ್‌ರೇ ಆಯಿತು, ಕಫದ ಟೆಸ್ಟ್ ಆಯಿತು. ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು.

ಟಿ.ಬಿ.

ಈಗ ಔಷಧಿ ಬಂದಿದೆ, ಹೆದರಬೇಡಿ ಎಂದರು. ದಿನಾ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್. ಜೊತೆಗೆ ಪಿ.ಎ.ಎಸ್. ಎಂಬ ಪುಡಿ, ನುಂಗಿದರೆ ಹೊಟ್ಟೆಯೆಲ್ಲ ತೊಳಸುತ್ತದೆ. ಕೆಲಸಕ್ಕೆ ರಜೆ. ತಟ್ಟೆ, ಲೋಟ, ಹಾಸಿಗೆ ಬೇರೆ. ಸುಗುಣಳನ್ನೂ ಮಗಳನ್ನೂ ಪರೀಕ್ಷೆ ಮಾಡಿದರು. ಇಬ್ಬರಿಗೂ ಏನೂ ಇರಲಿಲ್ಲ. ವಾಪಸು ಬರುವ ದಾರಿಯಲ್ಲೇ ಸುಗುಣಳಿಗೆ ತಾಕೀತು ಮಾಡಿದೆ, ಸಭೆಯಲ್ಲಿ ಯಾರಿಗೂ ಬಾಯಿ ಬಿಡಬಾರದು, ಫೌಂಡ್ರಿಯ ಹೊಗೆಗೆ ಕೆಮ್ಮು ಎಂದು ಹೇಳಬೇಕು. ಪರಿಶುದ್ಧನಿಗೆ ಇಂಥ ರೋಗ ಬಂದರೆ ಜನ ಏನಂದಾರು?

ಮುಂದಿನ ಭಾನುವಾರ ಕರ್ತನ ಭೋಜನ. ನಮ್ಮಲ್ಲಿ ಎಲ್ಲರಿಗೂ ಒಂದೇ ಪಾತ್ರೆ. ಚಿಕ್ಕ ಸಭೆ, ದೊಡ್ಡವರೆಲ್ಲ ಒಂದೇ ಸಾಲಾಗಿ ಮೊಣಕಾಲೂರುತ್ತೇವೆ. ಅಯ್ಯನವರು, ಎಂದರೆ ನಮ್ಮ ಪಾದ್ರಿಗಳು, ರೊಟ್ಟಿ ಕೊಟ್ಟು ಆಮೇಲೆ ದ್ರಾಕ್ಷಾರಸದ ಪಾತ್ರೆಯನ್ನು ಒಬ್ಬೊಬ್ಬರ ತುಟಿಗೂ ಹಿಡಿಯುತ್ತಾರೆ. ಏಳದೆ ಬೆಂಚಿನಲ್ಲೇ ಉಳಿದವರ ಮೇಲೆ ಇಡೀ ಸಭೆಯ ಕಣ್ಣು ಬೀಳುತ್ತದೆ. ಏನೋ ಪಾಪ ಮಾಡಿದ್ದಾರೆ, ಅದಕ್ಕೇ ಎದ್ದಿಲ್ಲ ಎಂದುಕೊಳ್ಳುತ್ತಾರೆ. ಹಾಗೆ ಉಳಿದವರ ಮನೆಗೆ ಹೋಗಿ ವಿಚಾರಿಸುವ ಕೆಲಸ ಯಾರದು? ನನ್ನದೇ. ಎಷ್ಟು ಜನರನ್ನು ಅಳಿಸಿದ್ದೇನೋ.

ಹಾಗಾಗಿ ಕುಳಿತಿರಲು ನನಗೆ ಧೈರ್ಯ ಬರಲಿಲ್ಲ. ಎದ್ದು ಹೋಗಿ ಹಿರಿಯನ ಮೊದಲ ಜಾಗದಲ್ಲಿ ಮೊಣಕಾಲೂರಿದೆ. ಪಕ್ಕದಲ್ಲಿ ಯಾವಾಗಿನಂತೆ ಜನ್ನಾಪುರದ ಎಸ್ತೇರಮ್ಮ. ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚಿ ಬದುಕುವ ತಮಿಳು ಅಜ್ಜಿ.

ನಾನು ಕುಡಿದೆ. ಎಸ್ತೇರಮ್ಮ ಕುಡಿದರು. ಅವರ ಆಚೆ ಹತ್ತು ಜನ ಕುಡಿದರು.

ತಿರುಗಿ ಬರುವಾಗ ನೋಡಿದೆ. ಬೆಂಚಿನಲ್ಲಿ ಒಬ್ಬಳೇ ಉಳಿದಿದ್ದಳು, ಸುಗುಣ. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ಮನೆಗೆ ಬಂದವನೇ ಸಿಡಿದುಬಿದ್ದೆ. ಹಿರಿಯನ ಹೆಂಡತಿಯಾಗಿ ಮರ್ಯಾದೆ ಕಳೆದೆ ಎಂದೆ. ಅವಳು ನನ್ನ ಲೋಟವನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು.

“ಮಗು ಮುಟ್ಟಬಾರದು ಅಂತ ಇದನ್ನ ಮೇಲೆ ಎತ್ತಿಡ್ತೀನಿ. ಅಲ್ಲಿ ಆ ಅಜ್ಜಿಗೆ ಕುಡಿಸಿ ಬಂದ್ರಲ್ಲ” ಎಂದಳು.

ಕರ್ತನ ಪಾತ್ರೆಯಿಂದ ರೋಗ ಬರುತ್ತದೆಯೇ ಎಂದು ರೇಗಿದೆ. ರೇಗುವಾಗಲೇ ಕೆಮ್ಮು ಬಂತು.

ಆ ವಾರವೆಲ್ಲ ಹಾಸಿಗೆಯಲ್ಲಿದ್ದೆ. ಇಂಜೆಕ್ಷನ್ನಿಗೆ ತಲೆ ತಿರುಗುತ್ತಿತ್ತು, ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರೆ ಎಸ್ತೇರಮ್ಮ ಕುಡಿಯುವುದೇ ಕಾಣುತ್ತಿತ್ತು. ನಾನು ಬಿಟ್ಟಿದ್ದ ಬೀಡಿ, ಸಿನಿಮಾ ಯಾವುವೂ ನನಗೆ ಬಿಡಲು ಕಷ್ಟವಾಗಿದ್ದವಲ್ಲ. ಕಷ್ಟವಾದದ್ದನ್ನು ನಾನು ಬಿಟ್ಟೇ ಇರಲಿಲ್ಲ. ಜನ ನನ್ನನ್ನು ಒಳ್ಳೆಯವನೆನ್ನಬೇಕು ಎಂಬ ಆಸೆ ಅದು.

ಭಾನುವಾರ ಸಭೆಯೆದುರು ಅವರವರ ಅನುಭವದ ಸಾಕ್ಷಿ ಹೇಳುವ ಹೊತ್ತಿಗೆ ಬಾಗಿಲ ಬಳಿ ನಿಂತೆ.

“ನನಗೆ ಟಿ.ಬಿ. ಇದೆ. ಗೊತ್ತಿದ್ದೇ ಪಾತ್ರೆಯಿಂದ ಕುಡಿದೆ. ಸುಗುಣ ಯಾವ ತಪ್ಪೂ ಮಾಡಿಲ್ಲ, ನನ್ನ ಸುಳ್ಳಿಗೆ ಹೇಸಿ ಏಳಲಿಲ್ಲ ಅಷ್ಟೆ” ಎಂದೆ.

ಯಾರೋ ತಾಯಿ ಮಗುವನ್ನು ಹತ್ತಿರ ಎಳೆದುಕೊಂಡಳು. ಅಯ್ಯನವರು, ನನ್ನ ನಂತರ ಕುಡಿದ ಹನ್ನೊಂದು ಜನವೂ ನಾಳೆ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಡಲಿ ಎಂದರು. ನಾನು ಹಿರಿಯತನ ಬಿಟ್ಟೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು ನಾನೂ ಹಿಂದಿನ ಸೀಟಿನಲ್ಲಿ ಕುಳಿತು ಹೋದೆ. ಯಾರೂ ಮಾತಾಡಿಸಲಿಲ್ಲ.

ಡಾಕ್ಟರು ಎಲ್ಲರೆದುರು ನನ್ನನ್ನು ಬೈದರು.

“ಪಾತ್ರೆಗಿಂತ ನಿಮ್ಮ ಹಾಡೇ ಅಪಾಯ ಕಣ್ರೀ. ಕೆಮ್ಮಿಟ್ಟುಕೊಂಡು ಬಾಯ್ತೆರೆದು ಹಾಡ್ತಾ ಇದ್ರಲ್ಲ” ಎಂದರು.

ಮೂರನೆಯ ಚರಣ ನೆನಪಾಗಿ ತಲೆ ತಗ್ಗಿಸಿದೆ. ಒಂದೊಂದೇ ಫಿಲ್ಮು ಕಿಟಕಿಯ ಬೆಳಕಿಗೆ ಹೋಯಿತು. ಎಸ್ತೇರಮ್ಮನದನ್ನು ಎರಡು ಸಲ ನೋಡಿದರು.

ಹನ್ನೊಂದೂ ಸ್ವಚ್ಛ!

ಆಸ್ಪತ್ರೆಯ ಅಂಗಳದಲ್ಲಿ ನಿಂತು ಗೊಳೋ ಎಂದು ಅತ್ತೆ, ನಕ್ಕೆ, ಕೆಮ್ಮಿದೆ. ಆದರೆ ಆರು ತಿಂಗಳ ಮೇಲೆ ಮತ್ತೆ ನೋಡಬೇಕು ಎಂದಿದ್ದರು. ಆ ಆರು ತಿಂಗಳು ಎಸ್ತೇರಮ್ಮ ಸೀನಿದರು ಎಂಬ ಸುದ್ದಿ ಬಂದರೂ ನನಗೆ ಅನ್ನ ಸೇರುತ್ತಿರಲಿಲ್ಲ. ಕಳೆದ ವಾರ ಎರಡನೆಯ ಸಲವೂ ಎಲ್ಲರಿಗೂ ಏನೂ ಇಲ್ಲವೆಂದಾಯಿತು. ನನ್ನ ಕಫವೂ ಸತತ ಮೂರು ಟೆಸ್ಟಿನಲ್ಲಿ ಸ್ವಚ್ಛ. ಎದೆಯಲ್ಲಿ ಕಲೆ ಉಳಿದಿದೆ, ಪುಡಿ ಇನ್ನೊಂದು ವರ್ಷ ನುಂಗಬೇಕು. ಆದರೂ ಜನರೊಂದಿಗೆ ಬೆರೆಯಬಹುದು, ಪಾತ್ರೆಯಿಂದಲೂ ಕುಡಿಯಬಹುದು ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಅಯ್ಯನವರು ಅದನ್ನು ಸಭೆಗೆ ಓದಿ ಹೇಳಿದರು.

ಮೊನ್ನೆ ಭಾನುವಾರ ಕರ್ತನ ಭೋಜನಕ್ಕೆ ಸುಗುಣ ಎದ್ದಳು. ನಾನೂ ಎದ್ದೆ. ಸಾಲಿನ ಕಟ್ಟಕಡೆಗೆ ಹೋಗಿ ಮೊಣಕಾಲೂರಿದೆ, ನನ್ನ ತುಟಿ ತಾಗಿದ ಮೇಲೆ ಯಾರೂ ಕುಡಿಯುವಂತಾಗಬಾರದು ಎಂದು.

ಸಾಲಿನ ಆ ತುದಿಯಿಂದ ಎಸ್ತೇರಮ್ಮ ಎದ್ದು, ಮಂಡಿ ಹಿಡಿದುಕೊಂಡು, ಎಲ್ಲರ ಹಿಂದಿನಿಂದ ನಡೆದು ಬಂದರು. ನನ್ನ ಆಚೆ ಬದಿಗೆ ನಿಂತರು.

“ಸ್ವಲ್ಪ ಜರುಗು ತಂಬಿ” ಎಂದರು.

ಜರುಗಿದೆ. ಪಾತ್ರೆ ಬಂತು. ಕುಡಿದೆ. ಅಯ್ಯನವರು ಅಂಚನ್ನು ಒರೆಸಲು ಬಿಳಿ ಬಟ್ಟೆ ಎತ್ತಿದರು. ಎಸ್ತೇರಮ್ಮ ಅಷ್ಟು ಹೊತ್ತು ಕಾಯಲಿಲ್ಲ. ಎರಡೂ ಕೈಯಿಂದ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಕುಡಿದರು.