ಕೆರೆಯ ಕಲ್ಲಿನಲ್ಲಿ ನನ್ನ ಉಳಿ

ರಾಗಿಕಲ್ಲು ಸವೆಯಿತೆಂಬುದು ಮನೆಯ ಗಂಡಸರಿಗೆ ಮೊದಲು ತಿಳಿಯುವುದಿಲ್ಲ. ಮುದ್ದೆ ತರಿತರಿಯಾಗಿ ಗಂಟಲಲ್ಲಿ ನಿಂತಾಗ ಅವರು ಹೆಂಗಸರ ಕೈಯನ್ನು ದೂರುತ್ತಾರೆ, ಹೆಂಗಸರು ಕಲ್ಲನ್ನು ದೂರುತ್ತಾರೆ, ಆಮೇಲೆ ನನಗೆ ಹೇಳಿಕಳುಹಿಸುತ್ತಾರೆ. ನಾನು ಹೋಗಿ, ನುಣುಪಾದ ಮುಖದ ಮೇಲೆ ಉಳಿಯಿಂದ ಒತ್ತೊತ್ತಾಗಿ ಹೊಡೆದು, ಕಲ್ಲಿಗೆ ಮತ್ತೆ ಹಲ್ಲು ಬರಿಸಿ ಬರುತ್ತೇನೆ. ನಮ್ಮ ದುದ್ದ ಹೋಬಳಿಯ ಸುತ್ತಿನಲ್ಲಿ ನನ್ನ ಉಳಿ ಹೊಗದ ಮನೆಯಿಲ್ಲ. ಮೂರನೆಯ ತರಗತಿಗೇ ಶಾಲೆ ಬಿಟ್ಟು ಅಪ್ಪನ ಹಿಂದೆ ಸುತ್ತಿಗೆ ಹೊತ್ತವನು ನಾನು; ಆದರೂ ಛತ್ರದ ಬಾಗಿಲಿಗೋ ಬಾವಿಯ ಕಟ್ಟೆಗೋ ಹೆಸರು ಕೆತ್ತಿಸಬೇಕೆಂದರೆ ಹಾಸನದವರೂ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಇದನ್ನು ಜಂಬವೆಂದರೂ ಚಿಂತೆಯಿಲ್ಲ, ಮಿತ್ರರೇ, ದುಡಿದ ಕೈಯ ಜಂಬ ಅದು. ಸವೆದದ್ದು ಕಣ್ಣಿಗೆ ಬಿದ್ದರೆ ತಿದ್ದದೆ ಇರಲಾರದ್ದು ಆ ಕೈಯ ಸ್ವಭಾವ. ಅದು ಒಳ್ಳೆಯ ಸ್ವಭಾವವೆಂದೇ ನಾನು ನಂಬಿದ್ದೆ, ಮಾಧವರಾಯರು ನಮ್ಮೂರಿಗೆ ಬರುವವರೆಗೆ.

ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದರೆ ಹತ್ತಿದವರೇ ಇಳಿದು ತಳ್ಳಬೇಕಿತ್ತು. ಅಂಥದೊಂದು ಬಸ್ಸನ್ನು ತಳ್ಳಿ ಮುಖ ಕಪ್ಪು ಮಾಡಿಕೊಂಡು, ಬಗಲಲ್ಲಿ ಕಾಗದದ ಸುರುಳಿ ಹಿಡಿದು ಬಂದಿಳಿದರು ರಾಯರು. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಡಾಕ್ಟರೇಟ್ ಪದವಿಗೆಂದು ನಮ್ಮ ಸೀಮೆಯ ಕೆರೆಗಳನ್ನು ಕಟ್ಟಿಸಿದವರು ಯಾರೆಂದು ಹುಡುಕುತ್ತಿದ್ದ ಇಪ್ಪತ್ತಾರರ ಯುವಕ. ಪಟೇಲ ಚಿಕ್ಕೇಗೌಡರ ಜಗಲಿಯಲ್ಲಿ ವಾಸ. ಕಲ್ಲು ತೊಳೆದುಕೊಡಲು, ನೀರು ಹೊರಲು ಪಟೇಲರು ನನ್ನನ್ನು ಜೊತೆಗೆ ಹಾಕಿದರು.

ನಮ್ಮೂರ ಕೆರೆಯ ತೂಬಿನ ಪಕ್ಕದಲ್ಲಿ ನಿಂತಿದ್ದ ಶಾಸನದ ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಕುಂಚದಿಂದ ಬಡಿದು, ಮೇಲೆ ಮಸಿ ಒತ್ತಿದರೆ ಕಪ್ಪು ನೆಲದಲ್ಲಿ ಅಕ್ಷರಗಳು ಬೆಳ್ಳಗೆ ಏಳುತ್ತವೆ. ಎದ್ದ ಅಕ್ಷರಗಳನ್ನು ರಾಯರು ದಿನಗಟ್ಟಲೆ ನೋಡುತ್ತಿದ್ದರು. ನನಗೆ ಸೋಜಿಗವಾಗುತ್ತಿದ್ದುದು ಇಲ್ಲಿಯೇ. ಹೊತ್ತು ಮುಳುಗುವಾಗ ನನ್ನ ಮುಂದೆ ಚಕ್ಕೆಯ ಗುಡ್ಡೆಯಾದರೂ ಇರುತ್ತದೆ. ಈ ಮನುಷ್ಯನಿಗೆ ದಿನವಿಡೀ ದುಡಿದರೆ ಸಿಗುವುದು ಒಂದು ‘ಇರಬಹುದು’. ಮರುದಿನ ಅದೂ ಅಳಿಸಿಹೋಗುತ್ತದೆ. ಮೈಸೂರಿನ ಪ್ರೊಫೆಸರು ಬರೆಯುತ್ತಿದ್ದ ಕಾರ್ಡುಗಳಲ್ಲಿ ಇರುತ್ತಿದ್ದುದು ಒಂದೇ ಪ್ರಶ್ನೆ: ಆಧಾರವೇನು? ತಾಯಿಯ ಕಾಗದಗಳಲ್ಲಿ ಇರುತ್ತಿದ್ದುದೂ ಒಂದೇ: ಮುಗಿಯುವುದು ಯಾವಾಗ?

“ಕೆರೆ ಕಟ್ಟಿಸಿದೋರೆಲ್ಲ ರಾಜರು, ಗೌಡರು ಅಂತಲೇ ಬರೀತಾರೆ ತಿಮ್ಮಯ್ಯ,” ಎಂದರು ಒಂದು ದಿನ. “ಕೈಯಾರೆ ಕೆಲಸ ಮಾಡಿದೋನೇ ಕಟ್ಟಿಸಿದ ಕೆರೆ ಒಂದಾದ್ರೂ ಇರ್ಬೇಕು ಅನ್ನಿಸತ್ತೆ ನಂಗೆ. ಅದು ಸಿಕ್ಕಿದ್ರೆ ನನ್ನ ಗ್ರಂಥ ನಿಲ್ಲತ್ತೆ.”

ನಮ್ಮ ಕಲ್ಲಿನಲ್ಲಿ ಕಟ್ಟಿಸಿದವನ ಹೆಸರು ಸ್ಪಷ್ಟವಾಗಿತ್ತು: ಮಾರಯ್ಯ. ಅವನು ಯಾರೆಂದು ಹೇಳುವ ಮುಂದಿನ ಪದ ಮಾತ್ರ ಸವೆದು ಮಾಸಿತ್ತು. ಊರಿನ ಗೌಡನೆಂದಿರಬಹುದು, ಕಲ್ಲುಕುಟಿಗನೆಂದಿರಬಹುದು. ರಾಯರು ತಮ್ಮ ನೋಟುಬುಕ್ಕಿನಲ್ಲಿ ಎರಡನ್ನೂ ಹಳೆಯ ಲಿಪಿಯಲ್ಲಿ ಸೀಸದಕಡ್ಡಿಯಿಂದ ಬರೆದು ನನಗೆ ತೋರಿಸಿದ್ದರು. ನನ್ನ ಕಣ್ಣು ಎರಡನೆಯದರ ಮೇಲೆ ನಿಂತದ್ದನ್ನು ನಾನೇಕೆ ಮುಚ್ಚಿಡಲಿ? ನಮ್ಮವನೊಬ್ಬ ಕಟ್ಟಿಸಿದ ಕೆರೆಯ ನೀರನ್ನು ಊರೆಲ್ಲ ಕುಡಿಯುತ್ತಿದೆಯೆಂದರೆ ಯಾರಿಗೆ ತಾನೇ ಹಿತವಲ್ಲ!

ಮೂರು ಸಲ ಕಾಗದ ಅಂಟಿಸಿದರೂ ಆ ಪದ ಏಳಲಿಲ್ಲ. ಇದ್ದ ಕಾಗದವೂ ಮುಗಿಯಿತು. ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ ರಾಯರು, ಕಾಗದ ತರಲೆಂದು ಹಾಸನಕ್ಕೆ ಹೋದರು. ಯುದ್ಧದ ದಿನಗಳಲ್ಲಿ ಅದೇನು ಸುಲಭಕ್ಕೆ ಸಿಕ್ಕುವ ಸರಕೇ? ಬರಲು ಮೂರು ದಿನ ಹಿಡಿಯಿತು. ಆ ಮೂರು ದಿನ ನಾನು ಬೇರೆ ಕೆಲಸಕ್ಕೆ ಹೋಗಲಿಲ್ಲ. ಅತಿ ಸಣ್ಣ ಉಳಿಯನ್ನು ಸಾಣೆ ಹಿಡಿದು, ಕಲ್ಲಿನ ಮುಂದೆ ಕುಳಿತು, ಸವೆದ ಗೆರೆಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಆಳ ಮಾಡಿದೆ. ರಾಗಿಕಲ್ಲಿಗೆ ಮಾಡುವ ಉಪಕಾರವನ್ನು ರಾಯರಿಗೂ ಮಾಡುತ್ತಿದ್ದೇನೆಂಬುದೇ ನನ್ನ ಎಣಿಕೆ.

ರಾಯರು ಬಸ್ಸಿಳಿದವರೇ ನೇರ ಕೆರೆಯ ಏರಿಯ ಮೇಲೆ ಬಂದರು. ಕಲ್ಲನ್ನು ಕಂಡು ಕಾಗದದ ಸುರುಳಿಯನ್ನು ನೆಲಕ್ಕೆ ಬಿಟ್ಟರು.

“ತಿಮ್ಮಯ್ಯ! ಕಾಣಿಸ್ತಾ ಇದೆ! ಕಲ್ಲುಕುಟಿಗ! ಕಲ್ಲುಕುಟಿಗ ಮಾರಯ್ಯ!” ಎನ್ನುತ್ತ ಅಕ್ಷರಗಳ ಮೇಲೆ ಬೆರಳಾಡಿಸಿದರು. ಬೆರಳ ತುದಿಗೆ ಬಿಳಿಯ ಹುಡಿ ಹತ್ತಿತು. ಅದನ್ನೇ ನೋಡುತ್ತ ನಿಂತರು. “ಯಾರು ಮಾಡಿದ್ದು ಇದು?”

“ನಾನೇ ಸಾಮಿ,” ಎಂದೆ, ಎದೆಯುಬ್ಬಿಸಿ.

ರಾಯರು ಏರಿಯ ಮಣ್ಣಿನಲ್ಲೇ ಕುಳಿತುಬಿಟ್ಟರು. ಬೈಯಲಿಲ್ಲ, ಬೈದಿದ್ದರೆ ಸುಲಭವಾಗುತ್ತಿತ್ತು. “ಮೂರು ವರ್ಷದ ಕೆಲಸ,” ಎಂದರು ಮೆಲ್ಲಗೆ. “ಇದು ಈಗ ಹಳೇ ಕಲ್ಲಲ್ಲ ತಿಮ್ಮಯ್ಯ. ಮೊನ್ನೆ ಬರೆದ ಕಲ್ಲು. ಇದನ್ನ ಆಧಾರ ಅಂತ ಯಾರಿಗೆ ತೋರಿಸ್ಲಿ?”

ನನಗೆ ಮೊದಲು ಬಂದದ್ದು ಸಿಟ್ಟು. ಕೂಲಿಯಿಲ್ಲದೆ ಮಾಡಿದ ಕೆಲಸಕ್ಕೆ ಈ ಬಹುಮಾನವೇ ಎಂದು. ಆದರೆ ಅವರ ಮುಖ ನೋಡಿ ಸಿಟ್ಟು ನಿಲ್ಲಲಿಲ್ಲ. ಕಲ್ಲಿನ ಒಂದು ಗುಟ್ಟು ನನಗೆ ಗೊತ್ತಿತ್ತು: ನೀರು ಹಾಕಿ ಓರೆಯಾಗಿ ನೋಡಿದರೆ ಹಳೆಯ ಗೆರೆಯ ತಳ ಕಪ್ಪಗೆ, ಹೊಸ ಗೆರೆಯ ತಳ ಬೆಳ್ಳಗೆ ಕಾಣುತ್ತದೆ. ಕೊಡ ತಂದು ಸುರಿದೆ. “ಬರ್ಕಳಿ ಸಾಮಿ. ಇದು ಹಳೇದು, ತಳ ಉಳ್ಕಂಡೈತೆ. ಇದೂ ಹಳೇದು. ಈ ಕೊಂಬು ನಂದು.” ಹೀಗೆ ಗೆರೆಗೆರೆಯಾಗಿ ಹೇಳುತ್ತ ಹೋದೆ, ಅವರು ಬರೆದುಕೊಳ್ಳುತ್ತ ಹೋದರು. ಹೆಸರು ಉಳಿದಿತ್ತು. ಸುದ್ದಿ ಕೇಳಿ ಪಟೇಲರೂ ಬಂದು ನಿಂತರು. ಕೊನೆಗೆ ಆ ಪದಕ್ಕೆ ಬಂದೆವು.

ತಳವೆಲ್ಲ ಬೆಳ್ಳಗಿತ್ತು.

“ನೀವು ಉಳಿ ಇಡೋಕ್ಕೆ ಮುಂಚೆ ಇಲ್ಲಿ ಗೆರೆ ಇತ್ತಾ ತಿಮ್ಮಯ್ಯ?” ರಾಯರ ದನಿಯಲ್ಲಿ ಒತ್ತಾಯವಿರಲಿಲ್ಲ, ಕಣ್ಣಲ್ಲಿ ಮಾತ್ರ ಆಸೆಯಿತ್ತು.

“ಇತ್ತು ಅಂತ ಹೇಳ್ಬುಡ್ಲಾ,” ಎಂದರು ಪಟೇಲರು. “ನಿಂಗೂ ಮರ್ವಾದೆ, ಅಯ್ನೋರ್ಗೂ ಓದು ಮುಗೀತದೆ. ನಮ್ ಗೌಡ್ನೇ ಕಟ್ಸಿದ್ದು ಅನ್ನೋದ ನಾನೇ ಬುಟ್ಕೊಡ್ತೀನಿ ಕಣ್ಲಾ! ಮೈಸೂರಿಂದ ಯಾವನ್ ಬಂದು ನೋಡ್ತಾನೆ?”

ಮಿತ್ರರೇ, ಹೇಳಲು ಒಂದೇ ಮಾತು ಸಾಕಾಗಿತ್ತು. ಕಣ್ಣು ಮುಚ್ಚಿ ಆ ಮೂರು ದಿನಗಳನ್ನು ನೆನೆದೆ. ಅಲ್ಲಿ ಏನೋ ಒಂದು ತಗ್ಗು ಇತ್ತು. ಆದರೆ ತಗ್ಗನ್ನು ಹಿಡಿದು ನನ್ನ ಉಳಿ ಹೋಯಿತೋ, ನೋಟುಬುಕ್ಕಿನ ಎರಡನೆಯ ಪದವನ್ನು ಹಿಡಿದು ಹೋಯಿತೋ? ನನ್ನ ಕೈಯನ್ನು ನಾನೇ ಕೇಳಿದೆ. ಯಾವ ಗೆರೆ ಎಲ್ಲಿ ತಿರುಗಿತೆಂದು ತಿಳಿದಿರುವ ಕೈ ಅದು. ಅಲ್ಲಿಯವರೆಗೆ ಯಾರ ಮುಂದೆಯೂ ತಡವರಿಸಿದ್ದಿಲ್ಲ.

“ಗೊತ್ತಿಲ್ಲ ಸಾಮಿ,” ಎಂದೆ.

ಪಟೇಲರು ನಾಲಗೆ ಲೊಚಗುಟ್ಟಿದರು. ರಾಯರು ನೋಟುಬುಕ್ಕಿನಲ್ಲಿ ಆ ಪದದ ಜಾಗಕ್ಕೆ ಸಾಲಾಗಿ ಚುಕ್ಕಿಗಳನ್ನಿಟ್ಟರು. ಆಮೇಲೆ ಎದ್ದು ಪಂಚೆಯ ಮಣ್ಣು ಕೊಡವಿಕೊಂಡು, “ಅರಕಲಗೂಡಿನ ಕಡೆ ಇನ್ನೊಂದಷ್ಟು ಕಲ್ಲಿವೆಯಂತೆ, ಬರ್ತೀರಾ? ಉಳಿ ಮನೇಲಿ ಬಿಟ್ಟು ಬನ್ನಿ,” ಎಂದರು. ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ.

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಎಲ್ಲ ಸುತ್ತಿದೆವು. ಅವರು ಬಯಸಿದ ಆಧಾರ ಎಲ್ಲಿಯೂ ಸಿಕ್ಕಲಿಲ್ಲ. ಓದು ಎರಡು ವರ್ಷ ಹಿಂದೆ ಬಿತ್ತು. ಕಡೆಗೆ ಪದವಿ ಬಂದಾಗ, ತಮ್ಮ ಗ್ರಂಥದಿಂದ ಟೈಪು ಮಾಡಿದ ಒಂದು ಹಾಳೆಯನ್ನು ನನಗೆ ಕಳುಹಿಸಿದರು. ಪಟೇಲರ ಜಗಲಿಯಲ್ಲಿ ಕುಳಿತು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದೆ. ಮಾರಯ್ಯನ ಹೆಸರು, ಮುಂದೆ ಚುಕ್ಕಿಗಳು, ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಇಲ್ಲಿಯ ಪದವನ್ನು ಈಚೆಗೆ ಕೆತ್ತಲಾಗಿದೆ, ಹಿಂದೆ ಏನಿತ್ತೆಂಬುದು ಕೆತ್ತಿದ ತಿಮ್ಮಯ್ಯನವರಿಗೂ ತಿಳಿಯದು.

“ಥೂ, ನಿನ್ ಹೆಸ್ರಿನ ಮುಂದೆ ತಿಳಿಯದು ಅಂತ ಹಾಕವ್ರಲ್ಲಾ!” ಎಂದರು ಪಟೇಲರು.

“ಊಂ ಗೌಡ್ರೇ,” ಎಂದೆ. “ನಾನೇ ಹೇಳಿ ಹಾಕ್ಸಿದ್ದು.”