ತುಂಬದೆ ಮುಚ್ಚಿದ ಗುಂಡಿಗಳು

ಸುತ್ತಲಿನವರೆಲ್ಲ ಅವನನ್ನು ಗುಂಡಿರಾಯ ಎಂದೇ ಕರೆಯುತ್ತಿದ್ದರು. ಶೌಚದ ಗುಂಡಿ ಖಾಲಿ ಮಾಡುವ ಸಕ್ಕಿಂಗ್ ಲಾರಿ ಅವನದು. ಲಾರಿ ರಸ್ತೆಗೆ ಬಂದರೆ ಮೂಗು ಮುಚ್ಚಿಕೊಳ್ಳುವವರೇ ತಮ್ಮ ಗುಂಡಿ ಉಕ್ಕಿದ ದಿನ, "ಅಣ್ಣಾ, ಎಲ್ಲಿದ್ದೀಯಪ್ಪಾ" ಎಂದು ಫೋನಿನಲ್ಲಿ ಗೋಗರೆಯುತ್ತಿದ್ದರು. "ನನ್ನ ಕಂಡ್ರೆ ಆಗದವರೂ ಮೂರು ವರ್ಷಕ್ಕೊಂದ್ಸಲ ನನ್ನ ನೆನೆಸ್ಕೊಳ್ಳಲೇಬೇಕು" ಎಂದು ಅವನು ಹೆಂಡತಿಯ ಮುಂದೆ ನಗುತ್ತಿದ್ದ. ಯಾರ ಮನೆಯ ಗುಂಡಿ ಎಷ್ಟು ಆಳ, ಮುಚ್ಚಳ ಎಲ್ಲಿದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಒಂದನ್ನೂ ಬರೆದಿಟ್ಟವನಲ್ಲ.

ಆ ದಿನ ಬೆಳಿಗ್ಗೆ ಕರೆ ಬಂದದ್ದು ಹೊಲಗಳ ನಡುವಿನ ಒಂಟಿ ಮನೆಯಿಂದ. ಹಿಂದೆ ಅಲ್ಲಿ ಒಬ್ಬ ಅಂಚೆಯವನಿದ್ದ. ಅವನು ತೀರಿಕೊಂಡ ಮೇಲೆ ಮನೆ ಕೈ ಬದಲಾಗಿ, ಈಗ ಒಬ್ಬ ಬಸ್ ಡ್ರೈವರು, ಅವನ ಹೆಂಡತಿ, ಹಾಸಿಗೆ ಹಿಡಿದ ಅವನ ತಾಯಿ ಇದ್ದರು.

"ವಾಸನೆ ಅಂದ್ರೆ ವಾಸನೆ ಕಣಣ್ಣ. ಕಿಟಕಿ ತೆಗೆದ್ರೂ ಅಷ್ಟೇ, ಹಾಕಿದ್ರೂ ಅಷ್ಟೇ" ಎಂದಳು ಡ್ರೈವರನ ಹೆಂಡತಿ.

ಗುಂಡಿರಾಯ ಹಿತ್ತಲಿನ ಸಿಮೆಂಟ್ ಟ್ಯಾಂಕಿನ ಮುಚ್ಚಳ ಸರಿಸಿ, ಗಾಳಿಯಾಡಲೆಂದು ದೂರ ನಿಂತ. ಬೀಡಿ ಹಚ್ಚಲು ಹೊರಟ ಡ್ರೈವರನನ್ನು ಗದರಿಸಿ ಆಚೆ ಕಳಿಸಿದ. ಆಮೇಲೆ ಪೈಪು ಇಳಿಸಿ ಮೋಟಾರು ಹಾಕಿದ. ಮೂರು ಸಾವಿರ ಲೀಟರಿನ ಟ್ಯಾಂಕು, ಇಪ್ಪತ್ತು ನಿಮಿಷದ ಕೆಲಸ. ಇಪ್ಪತ್ತಾಯಿತು, ಮೂವತ್ತಾಯಿತು. ಲಾರಿಯಲ್ಲಿ ನಾಲ್ಕು ಸಾವಿರ ಲೀಟರ್ ದಾಟಿತ್ತು. ಇಣುಕಿ ನೋಡಿದರೆ ಟ್ಯಾಂಕು ಅರ್ಧವೂ ಇಳಿದಿರಲಿಲ್ಲ. ಒಂದು ಬದಿಯ ಗೋಡೆಯ ಬಿರುಕಿನಿಂದ ಕಪ್ಪು ನೀರು ಸದ್ದಿಲ್ಲದೆ ಒಳಗೆ ಬರುತ್ತಲೇ ಇತ್ತು.

ಅವನು ಮೋಟಾರು ನಿಲ್ಲಿಸಿ ಬಿರುಕು ಇದ್ದ ಬದಿಗೆ ಕಣ್ಣು ಹಾಯಿಸಿದ. ಆರು ಹೆಜ್ಜೆ ಆಚೆ, ಮನೆಗೆ ಅಂಟಿಸಿ ಕಟ್ಟಿದ ಹೊಸ ಕೋಣೆ. ಆ ಜಾಗದಲ್ಲಿ ಹಿಂದೆ ಏನಿತ್ತೆಂದು ಅವನಿಗೆ ನೆನಪಾಯಿತು.

ಇಪ್ಪತ್ತೆರಡು ವರ್ಷದ ಹಿಂದೆ ಅವನು ಒಬ್ಬ ಮೇಸ್ತ್ರಿಯ ಕೈಕೆಳಗೆ ಕೂಲಿಗಿದ್ದ. ಅಂಚೆಯವನಿಗೆ ಹೊಸ ಟ್ಯಾಂಕು ಕಟ್ಟಿಕೊಟ್ಟ ಮೇಲೆ ಹಳೆಯ ಕಲ್ಲುಗುಂಡಿಗೆ ಮರಳು ತುಂಬಿ ಮುಚ್ಚಬೇಕಿತ್ತು. ಎರಡಾಳು ಆಳದ ಗುಂಡಿ. "ಯಾವನು ತುಂಬ್ತಾನೋ ಅದನ್ನ. ನಾಲ್ಕು ತೊಲೆ ಹಾಕು, ಚಪ್ಪಡಿ ಎಳಿ, ಮೇಲೆ ಮಣ್ಣು ಹರಡು" ಎಂದಿದ್ದ ಮೇಸ್ತ್ರಿ. ಮರದ ತೊಲೆಗಳು. ಹಾಕಿದ್ದು ಗುಂಡಿರಾಯನ ಕೈ. ಮೇಸ್ತ್ರಿ ಸತ್ತು ಈಗ ಹತ್ತು ವರ್ಷ.

"ಆ ಕೋಣೇಲಿ ಯಾರಿದ್ದಾರಮ್ಮ?"

"ನಮ್ಮತ್ತೆ. ಯಾಕಣ್ಣ?"

ಅವನು ಹಾರೆ ಹಿಡಿದು ಕೋಣೆಯ ಹೊಸ್ತಿಲವರೆಗೆ ಹೋದ. ಬಾಗಿಲು ಅರ್ಧಕ್ಕೇ ಸಿಕ್ಕಿಕೊಂಡಿತ್ತು. "ಮೂರು ತಿಂಗಳಿಂದ ಹಿಂಗೇ. ಮರ ಉಬ್ಬಿದೆ ಅಂದ್ಕೊಂಡ್ವಿ" ಎಂದಳು ಸೊಸೆ. ಮಂಚದ ಕಾಲಿನಿಂದ ಗೋಡೆಯವರೆಗೆ ಟೈಲ್ಸಿನಲ್ಲಿ ಕೂದಲೆಳೆಯಷ್ಟು ಸೀಳು. ಅವನು ನಿಂತಲ್ಲಿಂದಲೇ ಹಾರೆಯಿಂದ ನೆಲವನ್ನು ಮೆಲ್ಲಗೆ ಕುಟ್ಟಿದ. ಹೊಸ್ತಿಲ ಬಳಿ ಗಟ್ಟಿ ಸದ್ದು. ಕೈ ಚಾಚಿ ಕುಟ್ಟಿದಲ್ಲಿ ಖಾಲಿ ಡಬ್ಬದ ಸದ್ದು.

ಮಂಚದ ಮೇಲಿನ ಮುದುಕಿ ಕಣ್ಣು ಬಿಟ್ಟಳು. "ಮೇಲಿಂದ ತಟ್ತಿದ್ದೀಯಾ ನೀನು? ದಿನಾ ಕೆಳಗಡೆ ಏನೋ ಉರುಳುತ್ತಪ್ಪ. ಇವ್ರಿಗೆ ಹೇಳಿದ್ರೆ ನಿಂಗೆ ಭ್ರಮೆ ಅಂತಾರೆ."

ಉರುಳುತ್ತಿದ್ದದ್ದು ಗುಂಡಿಯ ಕಲ್ಲುಗಳು. ಆ ಹಳೆಯ ಗೋಡೆಗೆ ಇಷ್ಟು ದಿನ, ಟ್ಯಾಂಕಿನ ಬಿರುಕಿನಿಂದ ಸೋರಿ ಒಳಗೆ ತುಂಬಿದ ನೀರೇ ಆಸರೆಯಾಗಿ ನಿಂತಿತ್ತು. ಆ ನೀರನ್ನು ಅರ್ಧ ಗಂಟೆಯಿಂದ ಎಳೆದು ಹಾಕಿದವನು ತಾನೇ.

"ಈ ಕೋಣೆ ಕೆಳಗೆ ಹಳೇ ಗುಂಡಿ ಇದೆ" ಎಂದ ಗುಂಡಿರಾಯ. ಡ್ರೈವರು ಹಿಂದೆ ಬಂದು ನಿಂತಿದ್ದ. "ಒಂದು ಗುಂಡಿ ಅಂತ ಕರೆದ್ರೆ ಎರಡು ತೋರಿಸ್ತೀಯಲ್ಲ. ಕೆಲಸ ಹುಟ್ಟಿಸ್ಕೊಳ್ತಿದ್ದೀಯಾ?"

"ಅದನ್ನ ಮುಚ್ಚಿದ್ದು ನಾನೇ. ತುಂಬದೆ ಮುಚ್ಚಿದ್ದೆ. ಎಷ್ಟು ಬೈಬೇಕೋ ಆಮೇಲೆ ಬೈಯಿ. ಮೊದಲು ಅಮ್ಮನ್ನ ಆಚೆ ತರೋಣ."

ಒಳಗೆ ನುಗ್ಗಲು ಹೋದ ಡ್ರೈವರನನ್ನು ಗುಂಡಿರಾಯ ತಡೆದ. ಮೂವರಲ್ಲಿ ಹಗುರವಾಗಿದ್ದವಳು ಸೊಸೆ. ಅವಳೇ ಗೋಡೆಗೆ ಬೆನ್ನು ಹಚ್ಚಿ ಹೋಗಿ ಮಂಚದ ಕಾಲಿಗೆ ಹಗ್ಗ ಕಟ್ಟಿ ಬಂದಳು. ಗಂಡಸರಿಬ್ಬರೂ ಹೊಸ್ತಿಲಾಚೆ ನಿಂತು ಎಳೆದರು. ಮಂಚದ ಹಿಂಗಾಲು ಟಕ್ಕೆಂದು ಟೈಲ್ಸು ಒಡೆದು ಗೇಣುದ್ದ ಇಳಿಯಿತು. ಇನ್ನೊಂದು ಎಳೆತಕ್ಕೆ ಮಂಚ ಬಾಗಿಲಿಗೆ ಬಂತು. ಮಗ ತಾಯಿಯನ್ನು ತೋಳಿನಲ್ಲೆತ್ತಿಕೊಂಡು ಅಂಗಳಕ್ಕೆ ಓಡಿದ.

ಆಮೇಲೆ ಏನೂ ಆಗಲಿಲ್ಲ. ಕಾಲು ಗಂಟೆ ಕಳೆಯಿತು, ಒಂದು ಗಂಟೆಯೂ ಕಳೆಯಿತು. ಡ್ರೈವರು ಗುಂಡಿರಾಯನನ್ನು ಓರೆಗಣ್ಣಿನಿಂದ ನೋಡತೊಡಗಿದ. ಮುದುಕಿ ಕನ್ನಡಕ ಬೇಕೆಂದಳು. "ತರ್ತೀನಿ ತಾಳು" ಎಂದು ಮಗ ಎದ್ದು ಹೊರಟ. ಹೆಂಡತಿ ಅವನ ಅಂಗಿ ಹಿಡಿದು ಎಳೆದಳು. ಅವನು ಬಿಡಿಸಿಕೊಳ್ಳುತ್ತಿದ್ದಾಗಲೇ ಕೋಣೆಯೊಳಗಿಂದ ಯಾರೋ ನಿಟ್ಟುಸಿರುಬಿಟ್ಟಂಥ ಸದ್ದು ಬಂತು. ನೆಲ, ಮಂಚ, ಬಟ್ಟೆಯ ಬೀರು, ಅರ್ಧ ಗೋಡೆ ಎಲ್ಲ ಒಟ್ಟಿಗೆ ಕೆಳಗಿಳಿದವು. ಹಿಂದೆಯೇ ವಾಸನೆ ಅಂಗಳವನ್ನೆಲ್ಲ ತುಂಬಿತು.

ಡ್ರೈವರು ಬೈಯಲೂ ಇಲ್ಲ, ಕೈ ಮುಗಿಯಲೂ ಇಲ್ಲ. ಕೇಳಿದ್ದು ಒಂದೇ ಮಾತು: "ಇಂಥವು ಎಷ್ಟು ಮುಚ್ಚಿದ್ದೀಯಾ?"

ಗುಂಡಿರಾಯ ಮನೆಗೆ ಬಂದ. ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಒಂದೊಂದಾಗಿ ನೆನೆದು ಹೇಳಿದ, ಅವಳು ಬರೆದುಕೊಂಡಳು. ಅಂಚೆಯವನ ಮನೆಯದನ್ನು ಬಿಟ್ಟು ಇಪ್ಪತ್ತಮೂರು ಗುಂಡಿಗಳಾದವು. ಅವಳು ಪೆನ್ನು ಕೆಳಗಿಟ್ಟಳು. "ಇಷ್ಟು ವರ್ಷ ಹೆಂಗ್ರೀ ಊಟ ಮಾಡ್ಕೊಂಡಿದ್ರಿ?" ಎಂದಳು.

ಮಾರನೆಯ ದಿನದಿಂದ ಅವನು ಮನೆಮನೆ ಹತ್ತಿದ. ಹೊಸ್ತಿಲಲ್ಲಿ ನಿಂತು ತನ್ನ ತಪ್ಪನ್ನು ತಾನೇ ಹೇಳಿದ. ಕೆಲವರು ಉಗಿದರು, ಒಬ್ಬ ಕತ್ತು ಹಿಡಿದು ಗೇಟಿನಾಚೆ ನೂಕಿದ. ಆದರೂ ಮರಳು ಬಂತು, ಗುಂಡಿಗಳು ತುಂಬಿದವು. ನಾಲ್ಕು ತಿಂಗಳಲ್ಲಿ ಇಪ್ಪತ್ತೆರಡು ಮುಗಿದವು.

ಉಳಿದ ಒಂದರ ಬಗ್ಗೆ ಅವನಿಗೆ ನೆನಪಿರುವುದು ಇಷ್ಟೇ: ಬಯಲಿನಲ್ಲಿದ್ದ ಆ ಮನೆಗೆ ನೀಲಿ ಗೇಟಿತ್ತು, ಪಕ್ಕದಲ್ಲಿ ಪಪ್ಪಾಯಿ ಗಿಡವಿತ್ತು, ಒಬ್ಬಾಕೆ ಚೊಂಬಿನಲ್ಲಿ ನೀರು ತಂದುಕೊಟ್ಟಿದ್ದಳು. ಆ ಮನೆ ಈಗಿಲ್ಲ, ಆ ಬಯಲಿನಲ್ಲಿ ಸಾಲಾಗಿ ಹದಿನಾರು ಮನೆಗಳೆದ್ದಿವೆ. ಗುಂಡಿರಾಯ ಆ ಬೀದಿಯಲ್ಲಿ ಲಾರಿ ನಿಲ್ಲಿಸಿ, ಒಂದೊಂದೇ ಬಾಗಿಲು ತಟ್ಟಿ, ನಿಮ್ಮ ಮನೆಯಲ್ಲಿ ಯಾವುದಾದರೂ ಬಾಗಿಲು ಹಾಕಲಾಗದೆ ಸಿಕ್ಕಿಕೊಳ್ಳುತ್ತಿದೆಯೇ ಎಂದು ಕೇಳುತ್ತಾನೆ. ಇಲ್ಲ ಎನ್ನುತ್ತಾರೆ ಎಲ್ಲರೂ.